ಗೋಲು ಹೊಡೆದವಳ ಸಪ್ಪೆ ಮುಖ

"ಆ ಬಾಗಿಲಲ್ಲ ಮಹಾರಾಣಿ, ನಿಮ್ಮದು ಎದುರಿಗಿದೆ!"

ಚಿಲಕದ ಮೇಲಿಟ್ಟಿದ್ದ ಕೈಯನ್ನು ಸಬೆಲ ಬಿಸಿ ತಗುಲಿದವಳಂತೆ ಹಿಂದಕ್ಕೆ ಎಳೆದುಕೊಂಡಳು. ಹಾಗೆಂದವನು ಬ್ರೈಸ್. ಮೆಟ್ಟಿಲ ಮೇಲೆ ಕೂತು ಗೋಲ್‌ಕೀಪರ್ ಗ್ಲೌಸ್ ಹಾಕಿಕೊಳ್ಳುತ್ತಿದ್ದ. ತಲೆ ಎತ್ತಿ ನೋಡಲೂ ಇಲ್ಲ.

ಅರೆಯೋಸ ಊರಿನ ಮೈದಾನದಲ್ಲಿ ಬಟ್ಟೆ ಬದಲಿಸುವ ಕೋಣೆಗಳು ಎರಡು. ನೀಲಿ ಬಾಗಿಲಿನದು ಊರಿನ ಟೀಮಿಗೆ. ಬಣ್ಣ ಹೋದ ಬಾಗಿಲಿನದು ಹೊರಗಿನಿಂದ ಬಂದವರಿಗೆ. ಚಿಕ್ಕಂದಿನಿಂದ ಸಬೆಲ ನೀಲಿ ಬಾಗಿಲನ್ನೇ ತಳ್ಳಿಕೊಂಡು ಒಳಗೆ ಹೋದವಳು. ಇವತ್ತು ಅವಳ ಮೈಮೇಲಿದ್ದದ್ದು ಕಾಸ್ತ್ರೆಲ ಪಟ್ಟಣದ ಕೆಂಪು ಜೆರ್ಸಿ. ಕಾಲಿಗೆ ಮಾತ್ರ ಅದು ಮರೆತುಹೋಗಿತ್ತು.

"ಗೊತ್ತು ಬಿಡೋ," ಎಂದಳು.

ಬ್ರೈಸ್ ಗ್ಲೌಸಿಗೆ ಉಗುಳಿ, ಉಜ್ಜಿಕೊಂಡು, ಎದ್ದು ಹೋದ.

ಕಳೆದ ಬೇಸಿಗೆಯಿಂದ ಹೀಗೆಯೇ. ಅದಕ್ಕೆ ಮುಂಚೆ ಇಬ್ಬರೂ ಒಟ್ಟಿಗೆ ಸ್ಕೂಲಿಗೆ ಹೋಗುತ್ತಿದ್ದರು. ಬ್ರೈಸ್ ಬಂದು ಅವಳ ಮನೆಯ ಬಾಗಿಲನ್ನು ಕಾಲಿನಿಂದಲೇ ಒದ್ದು ಕರೆಯುತ್ತಿದ್ದ. ಸಂಜೆ ಅವನು ಗೋಲ್‌ಕೀಪರ್ ಆದರೆ ಇವಳು ಹೊಡೆಯುವವಳು. ದೋಣಿ ನಿಲ್ಲಿಸುವ ಕಟ್ಟೆಯ ಗೋಡೆಯೇ ಅವರಿಗೆ ಗೋಲ್‌ಪೋಸ್ಟ್.

ಆಮೇಲೆ ಕಾಸ್ತ್ರೆಲದ ಕೋಚ್ ನೊಯೆಮಿ ಒಂದು ಮ್ಯಾಚ್ ನೋಡಲು ಬಂದಳು. ಸಬೆಲಳ ಎಡಗಾಲು ನೋಡಿ, ಮನೆಗೇ ಬಂದು, ಅಡುಗೆಮನೆಯ ಮೇಜಿನ ಮುಂದೆ ಕೂತು ಅಪ್ಪ ಅಮ್ಮನ ಹತ್ತಿರ ಮಾತಾಡಿದಳು. ಪಟ್ಟಣದ ಕ್ಲಬ್ಬಿನಲ್ಲಿ ಹಸಿರು ಮೈದಾನ, ರಾತ್ರಿ ಆಡಲು ದೀಪ, ದೊಡ್ಡ ಲೀಗು. ಸಬೆಲ ಹೂಂ ಅಂದಳು. ಖುಷಿಯೇನೋ ಆಯಿತು, ಆದರೆ ಬ್ರೈಸ್‌ಗೆ ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ತಳ್ಳಿದಳು. ಅಷ್ಟರಲ್ಲಿ ಬ್ರೈಸ್ ಬ್ರೆಡ್ ತರಲು ಬೇಕರಿಗೆ ಹೋಗಿದ್ದ. "ಏನಪ್ಪಾ, ನಿನ್ನ ಗೆಳತಿ ಪಟ್ಟಣದವಳಾದಳಂತೆ!" ಎಂದು ಬೇಕರಿಯವಳು ಹೇಳಿಬಿಟ್ಟಳು.

ಈಗಲೂ ಇಬ್ಬರೂ ಒಂದೇ ಕ್ಲಾಸು, ಒಂದೇ ಬೀದಿ. ಆದರೆ ಬಾಗಿಲು ಒದೆಯುವವರು ಯಾರೂ ಇಲ್ಲ.

ಈ ಮ್ಯಾಚಿಗಾಗಿ ಸಬೆಲ ಒಂದು ಉಪಾಯ ಮಾಡಿಕೊಂಡಿದ್ದಳು. ಟಿವಿಯಲ್ಲಿ ದೊಡ್ಡ ಆಟಗಾರರನ್ನು ಅವಳು ನೋಡಿದ್ದಳು. ತಮ್ಮ ಹಳೆಯ ಕ್ಲಬ್ಬಿನ ಎದುರು ಗೋಲು ಹೊಡೆದರೆ ಅವರು ಕುಣಿಯುವುದಿಲ್ಲ, ಕೂಗುವುದಿಲ್ಲ. ಎರಡೂ ಕೈ ಮೇಲೆತ್ತಿ, ತಲೆ ತಗ್ಗಿಸಿ ನಿಲ್ಲುತ್ತಾರೆ. ನಿಮ್ಮ ಮೇಲೆ ನನಗೆ ಗೌರವವಿದೆ, ಕ್ಷಮಿಸಿ ಎಂದು ಅದರ ಅರ್ಥ. ತಾನೂ ಹಾಗೆ ಮಾಡಿದರೆ ಬ್ರೈಸ್‌ಗೆ ಎಲ್ಲ ಅರ್ಥವಾಗುತ್ತದೆ. ಮಾತಾಡುವ ಕಷ್ಟವೇ ಇಲ್ಲ.

ವಾರವಿಡೀ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದಳು. ಒಂದು ದಿನ ಅಪ್ಪ ಇಣುಕಿ ನೋಡಿ, "ಯಾಕಮ್ಮಾ, ಹೊಟ್ಟೆನೋವಾ?" ಎಂದು ಕೇಳಿದ್ದ.

ಮ್ಯಾಚ್ ಶುರುವಾಗುವ ಹೊತ್ತಿಗೆ ತಂತಿ ಬೇಲಿಯ ಆಚೆ ಊರಿನವರು ತುಂಬಿದ್ದರು. ಸಬೆಲ ಅಪ್ಪನನ್ನು ಹುಡುಕಿದಳು. ಅಪ್ಪನ ಪಕ್ಕದಲ್ಲಿ ಅಜ್ಜಿ ನಿಂತಿದ್ದಳು! ತಲೆಯ ಸ್ಕಾರ್ಫ್‌ನಿಂದ ಕಾಲ್ಚೀಲದವರೆಗೆ ಎಲ್ಲ ಶೋಕದ ಕಪ್ಪು.

ಅಜ್ಜ ಎಲಾದಿಯೊ ಕ್ರಿಸ್ಮಸ್ಸಿಗೆ ಮುಂಚೆ ತೀರಿಕೊಂಡಿದ್ದ. ಅಂದಿನಿಂದ ಅಜ್ಜಿ ಹೋಗುತ್ತಿದ್ದದ್ದು ಚರ್ಚಿಗೆ ಮತ್ತು ಸ್ಮಶಾನಕ್ಕೆ ಮಾತ್ರ. ಬೆಳಿಗ್ಗೆ ಪೂಜೆಗೆ ಹೋಗಿ ಅಜ್ಜನ ಹೆಸರಲ್ಲಿ ಮೇಣದಬತ್ತಿ ಹಚ್ಚಿ ಬರುತ್ತಿದ್ದಳು. ಅಡುಗೆ ಮಾಡುವಾಗ ಹಾಡು ಕೇಳುತ್ತಿದ್ದವಳು ರೇಡಿಯೊ ಮುಟ್ಟಿರಲಿಲ್ಲ. ಯಾರಾದರೂ ತಮಾಷೆ ಮಾಡಿದರೆ ನಗು ಕಾಣದಂತೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಒಂದು ಮನೆಯಿಂದ ಒಬ್ಬರು ಹೋದರೆ ಎಷ್ಟೊಂದು ಸದ್ದು ಅವರ ಜೊತೆಗೆ ಹೋಗಿಬಿಡುತ್ತದೆ ಎಂದು ಸಬೆಲಳಿಗೆ ಈ ಚಳಿಗಾಲದಲ್ಲಿ ಗೊತ್ತಾಗಿತ್ತು.

ರೆಫರಿ ಸೀಟಿ ಊದಿದ.

ಅರೆಯೋಸದ ಮಕ್ಕಳು ಚೆನ್ನಾಗಿಯೇ ಆಡಿದರು. ನೆಲ ಒದ್ದೆಯಾಗಿತ್ತು, ಚೆಂಡು ಎಲ್ಲಿ ಪುಟಿಯುತ್ತದೆ, ಎಲ್ಲಿ ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಅವರಿಗೆ ಗೊತ್ತಿತ್ತು. ಸಬೆಲಳಿಗೂ ಗೊತ್ತಿತ್ತು. ಎಡಮೂಲೆಯ ಕೆಸರಿನಲ್ಲಿ ಅರೆಯೋಸದ ಒಬ್ಬ ಜಾರಿದ ಕ್ಷಣದಲ್ಲೇ ಅವಳ ಟೀಮಿನ ಯಾಗೊ ಚೆಂಡನ್ನು ಅವಳ ಕಡೆ ತಳ್ಳಿದ. ಸಬೆಲ ಓಡುತ್ತಲೇ ಎಡಗಾಲಿನಿಂದ ಬೀಸಿದಳು. ಬ್ರೈಸ್ ಹಾರಿದ. ಚೆಂಡು ಅವನ ಕೈ ದಾಟಿ ಬಲೆಗೆ ಬಿತ್ತು.

"ಗೋ...ಲ್!" ಯಾಗೊ ಕೈ ಚಾಚಿಕೊಂಡು ಅವಳತ್ತ ಓಡಿಬಂದ. ಅವನ ಹಿಂದೆ ಮಿಕ್ಕವರೆಲ್ಲ.

ಸಬೆಲ ಎರಡೂ ಕೈ ಮೇಲೆತ್ತಿದಳು. ತಲೆ ತಗ್ಗಿಸಿದಳು. ಕನ್ನಡಿಯ ಮುಂದೆ ಮಾಡಿದ ಮುಖವನ್ನೇ ಮಾಡಿದಳು.

ಯಾಗೊ ಎರಡು ಹೆಜ್ಜೆ ದೂರದಲ್ಲಿ ಗಕ್ಕನೆ ನಿಂತ. ಚಾಚಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಚಡ್ಡಿಗೆ ಒರೆಸಿಕೊಂಡ.

"ಯಾಕೇ? ನಾನು ಕೊಟ್ಟ ಪಾಸ್ ಅಷ್ಟು ಕೆಟ್ಟದಾಗಿತ್ತಾ?" ಎಂದ.

ಸಬೆಲ ಬಾಯಿ ತೆರೆಯುವಷ್ಟರಲ್ಲಿ ಬ್ರೈಸ್ ಬಲೆಯಿಂದ ಚೆಂಡು ತೆಗೆದುಕೊಂಡು ಅವಳ ಮುಂದೆ ಬಂದು ನಿಂತ. ಮುಖವೆಲ್ಲ ಕೆಸರು.

"ಏನೇ ಇದು, ಕೈ ಎತ್ಕೊಂಡು?"

"ನಿಮಗೆ... ಗೌರವ ಕಣೋ."

"ಗೌರವಾನಾ? ನಾವೇನು ಸತ್ತು ಹೋದ್ವಾ, ಮುಖ ಹಂಗೆ ಮಾಡ್ಕೊಂಡು ನಿಲ್ಲೋಕೆ? ಪಾಪ ಹಳ್ಳಿ ಮಕ್ಕಳು ಅಂತ ಕನಿಕರ ತೋರಿಸ್ತಿದ್ದೀಯಾ? ನಿನ್ನ ಕನಿಕರ ನಿನ್ನ ಹತ್ರಾನೇ ಇಟ್ಕೋ!"

ಚೆಂಡನ್ನು ಮಧ್ಯದ ಗೆರೆಯ ಕಡೆಗೆ ಒದ್ದು ಹೋಗಿಯೇಬಿಟ್ಟ.

ಬಿಡುವಿನಲ್ಲಿ ಕೋಚ್ ನೊಯೆಮಿ ಎಲ್ಲರಿಗೂ ಕಿತ್ತಳೆ ಹೋಳು ಕೊಟ್ಟಳು. ಸಬೆಲ ತನ್ನ ಹೋಳು ಹಿಡಿದುಕೊಂಡು ಬೇಲಿಯ ಹತ್ತಿರ ಹೋದಳು. ಅಜ್ಜಿ ಅಲ್ಲೇ ಕಾಯುತ್ತಿದ್ದಳು.

"ಗೋಲು ಹೊಡೆದು ಅದೇನು ಮುಖ ಪುಟ್ಟೀ? ನಿಂಬೆಹಣ್ಣು ಕಚ್ಚಿದ ಹಾಗೆ?"

"ಹಳೇ ಟೀಮಿನ ಎದುರು ಖುಷಿ ಪಡಬಾರ್ದು ಅಜ್ಜಿ. ದೊಡ್ಡೋರೆಲ್ಲ ಹಾಗೇ ಮಾಡ್ತಾರೆ."

"ನಿಂಗೆ ಖುಷಿ ಆಗ್ಲಿಲ್ವಾ?"

"ಆಯ್ತು. ತುಂಬ ಆಯ್ತು. ಅದನ್ನ ಒಳಗೇ ಇಟ್ಕೊಂಡೆ." ಸಬೆಲ ಕಿತ್ತಳೆಯ ಸಿಪ್ಪೆಯನ್ನು ತಿರುವಿದಳು. "ನೀನೂ ರೇಡಿಯೊ ಹಾಕಲ್ವಲ್ಲ. ಅಜ್ಜನ ಮೇಲೆ ಪ್ರೀತಿ ಇದೆ ಅಂತ ತಾನೇ? ನಾನೂ ಹಂಗೇ."

"ಅದು ಬೇರೆ ಮಗೂ," ಎಂದಳು ಅಜ್ಜಿ. ಏಕೆ ಬೇರೆ ಎಂದು ಹೇಳಲು ಹೊರಟವಳು ಬೇಲಿಯ ತಂತಿಯನ್ನು ಹಿಡಿದುಕೊಂಡು ಗೋಲ್‌ಪೋಸ್ಟಿನ ಹಿಂದೆ ಕಾಣುತ್ತಿದ್ದ ಕಡಲಿನ ಕಡೆಗೆ ನೋಡಿದಳು. ಇಳಿತದ ಹೊತ್ತು. ಮರಳಿನಲ್ಲಿ ಹೆಂಗಸರು ಬಾಗಿಕೊಂಡು ಚಿಪ್ಪುಮೀನು ಕೆದಕಿ ತೆಗೆಯುತ್ತಿದ್ದರು. ಅವರಲ್ಲಿ ಸಬೆಲಳ ಅಮ್ಮನೂ ಇದ್ದಳು.

"ನಿಮ್ಮಜ್ಜ ಇದ್ದಿದ್ರೆ," ಎಂದಳು ಅಜ್ಜಿ ನಿಧಾನವಾಗಿ, "ಆ ಮುಖ ನೋಡಿ, ಇದಕ್ಕಿಂತ ಮೀನು ಹಿಡಿಯೋದೇ ವಾಸಿ ಅಂತ ಎದ್ದು ಹೋಗ್ತಿದ್ರು."

ಹೇಳಿ ಕೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ಅಷ್ಟರಲ್ಲಿ ಸೀಟಿ ಕೇಳಿಸಿತು.

ಎರಡನೆಯ ಭಾಗ ಶುರುವಾಗಿ ಸ್ವಲ್ಪ ಹೊತ್ತಿಗೇ ಅರೆಯೋಸದವರು ಗೋಲು ಹೊಡೆದರು. ಒಂದಕ್ಕೊಂದು ಸಮ! ಮೈದಾನದ ಮಧ್ಯದಲ್ಲಿ ನೀಲಿ ಜೆರ್ಸಿಗಳ ರಾಶಿಯೇ ಬಿತ್ತು. ಬ್ರೈಸ್ ತನ್ನ ಗೋಲ್‌ಪೋಸ್ಟ್ ಬಿಟ್ಟು ಅರ್ಧ ಮೈದಾನ ಓಡಿ ಬಂದು ಆ ರಾಶಿಯ ಮೇಲೆ ಹಾರಿದ. ಸಬೆಲ ದೂರದಲ್ಲಿ ನಿಂತು ನೋಡಿದಳು. ಆ ರಾಶಿಯ ತಳದಲ್ಲಿ ಸಿಕ್ಕಿಕೊಂಡರೆ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಉಸಿರು ಕಟ್ಟುತ್ತದೆ, ಯಾರದೋ ಮೊಣಕೈ ಕಿವಿಗೆ ತಗಲುತ್ತದೆ, ಆದರೂ ಏಳಬೇಕು ಅನ್ನಿಸುವುದಿಲ್ಲ.

"ಬದುಕಿದ್ದೀಯೋ ಇಲ್ವೋ?" ಯಾಗೊ ಪಕ್ಕದಲ್ಲಿ ಓಡುತ್ತ ಕೇಳಿದ. ಅವನ ದನಿಯಲ್ಲಿ ಇನ್ನೂ ಮುನಿಸಿತ್ತು.

"ಇದ್ದೀನಿ. ಪಾಸ್ ಕೊಡು."

"ಕೊಟ್ರೆ ಮತ್ತೆ ಅಳ್ತೀಯಾ?"

"ಕೊಡೋ ಸುಮ್ನೆ!"

ಕೊನೆಯ ಹೊತ್ತಿನಲ್ಲಿ ಯಾಗೊ ಕೊಟ್ಟ. ಎದುರಿಗೆ ಬ್ರೈಸ್ ಒಬ್ಬನೇ. ಅವನು ಗೋಲ್‌ಪೋಸ್ಟ್ ಬಿಟ್ಟು ಮುಂದೆ ಬಂದು ಕೈ ಅಗಲಿಸಿದ. ಕಟ್ಟೆಯ ಗೋಡೆಯ ಮುಂದೆ ಎಷ್ಟು ಸಂಜೆ ಹೀಗೇ ನಿಂತಿದ್ದನೋ! ಸಬೆಲ ಬಲಕ್ಕೆ ನೋಡಿ ಎಡಕ್ಕೆ ಹೊಡೆದಳು. ಬ್ರೈಸ್ ಆ ಕಡೆಗೇ ಬಿದ್ದ. ಬೆರಳ ತುದಿ ತಗುಲಿ ಚೆಂಡು ಗೋಲ್‌ಪೋಸ್ಟಿನ ಹೊರಗೆ ಹೋಯಿತು.

ಬ್ರೈಸ್ ಚಿಮ್ಮಿ ಎದ್ದ. ಅವಳ ಮೂಗಿನ ಮುಂದೆಯೇ ಬಂದು ಎರಡೂ ಮುಷ್ಟಿ ಬಿಗಿಹಿಡಿದು ಅರಚಿದ.

"ಹೋಗ್ಲಿಲ್ಲಾ! ಹೋಗ್ಲಿಲ್ಲಾ! ಬಲಕ್ಕೆ ನೋಡಿ ಎಡಕ್ಕೆ ಹೊಡಿಯೋ ಕಳ್ಳಿ! ನಂಗೆ ಗೊತ್ತಿಲ್ವಾ? ನಂಗೇ ಗೊತ್ತಿಲ್ವಾ?"

ಅವನ ಕಣ್ಣು ಅವಳ ಕಣ್ಣನ್ನೇ ನೋಡುತ್ತಿತ್ತು. ಬೇಸಿಗೆಯಾದ ಮೇಲೆ ಇದೇ ಮೊದಲು. ಸಬೆಲಳಿಗೆ ಅವಮಾನ ಆಗಬೇಕಿತ್ತು. ಆಗಲಿಲ್ಲ. ಅವಳಿಗೆ ನಗು ಬಂತು.

ಬೇಲಿಯ ಕಡೆಯಿಂದ ಒಂದು ಕೂಗು ಎಲ್ಲರ ಕೂಗಿಗಿಂತ ಮೇಲೆ ಕೇಳಿಸಿತು. "ತಡೆದ! ನಮ್ಮ ಹುಡುಗ ತಡೆದುಬಿಟ್ಟ!"

ಅಜ್ಜಿ! ಬೆಂಚಿನ ಮೇಲೆ ಹತ್ತಿ ನಿಂತಿದ್ದಳು. ಅಪ್ಪ ಅವಳ ಸ್ಕರ್ಟು ಜಗ್ಗುತ್ತಿದ್ದ. "ಅಮ್ಮಾ, ಹೊಡೆದಿದ್ದು ನಮ್ಮ ಸಬೆಲ!"

"ನನ್ನ ಕಣ್ಣು ನೆಟ್ಟಗಿದೆ. ಹೊಡೆದದ್ದೂ ಚೆನ್ನಾಗಿತ್ತು, ತಡೆದದ್ದೂ ಚೆನ್ನಾಗಿತ್ತು!"

ಆಮೇಲೆ ಅವಳಿಗೆ ಏನೋ ನೆನಪಾದ ಹಾಗೆ ಕೈ ಬಾಯಿಯ ಕಡೆಗೆ ಹೋಯಿತು. ಅರ್ಧದಲ್ಲಿ ನಿಂತಿತು. ಆ ಕೈಯಿಂದಲೇ ಶಿಲುಬೆಯ ಗುರುತು ಮಾಡಿಕೊಂಡಳು, ಮತ್ತೆ ಚಪ್ಪಾಳೆ ತಟ್ಟತೊಡಗಿದಳು.

ಕಾರ್ನರ್. ಎಲ್ಲರೂ ಗೋಲಿನ ಮುಂದೆ ಗುಂಪು ಸೇರಿದರು. ಸಬೆಲ ಬ್ರೈಸ್‌ನ ಮುಂದೆಯೇ ಹೋಗಿ ನಿಂತಳು. ಅವನು ಮೊಣಕೈಯಿಂದ ತಿವಿದ. ಅವಳೂ ತಿವಿದಳು.

"ನೀನೇ ಹೇಳ್ಬೇಕಿತ್ತು," ಎಂದ ಬ್ರೈಸ್, ಚೆಂಡಿನ ಕಡೆ ನೋಡುತ್ತಲೇ. "ಬೇಕರಿಯವಳ ಬಾಯಿಂದ ಕೇಳ್ಬೇಕಾಯ್ತು. ಬ್ರೆಡ್ ಅಲ್ಲೇ ಬಿಟ್ಟು ಬಂದೆ. ಮನೇಲಿ ಬೈಸ್ಕೊಂಡೆ."

"ಹೂಂ."

"ಹೂಂ ಅಂದ್ರೆ ಏನು?"

"ನಾನೇ ಹೇಳ್ಬೇಕಿತ್ತು. ಹೆದರಿಕೆ ಆಯ್ತು. ನೀನು ಬೇಡ ಅಂದ್ರೆ ನಾನು ಹೋಗ್ತಿರ್ಲಿಲ್ಲ. ಆದ್ರೆ ನಂಗೆ ಹೋಗ್ಬೇಕಿತ್ತು."

ಬ್ರೈಸ್ ಗ್ಲೌಸನ್ನು ಬಿಗಿಮಾಡಿಕೊಂಡ. "ಬೇಡ ಅಂತಿರ್ಲಿಲ್ಲ," ಎಂದ. "ಎರಡು ದಿನ ಬೈತಿದ್ದೆ ಅಷ್ಟೇ."

"ಏಯ್, ಅಲ್ಲಿ ಮಾತು ಬೇಡ!" ರೆಫರಿ ಗದರಿದ.

"ಈ ಸಲ ಗೋಲಾದ್ರೆ ಕೂಗು," ಎಂದ ಬ್ರೈಸ್ ಹಲ್ಲು ಕಚ್ಚಿ. "ಆ ಮುಖ ಇನ್ನೊಂದ್ಸಲ ಮಾಡಿದ್ರೆ ಚೆಂಡು ತಗೊಂಡು ತಲೆಗೇ ಹೊಡೀತೀನಿ."

ಚೆಂಡು ಹಾರಿ ಬಂತು. ಸಬೆಲ ಜಿಗಿದಳು, ಸಿಗಲಿಲ್ಲ. ಬ್ರೈಸ್ ಜಿಗಿದ, ಅವನಿಗೂ ಸಿಗಲಿಲ್ಲ. ಅದು ಯಾಗೊನ ಮೊಣಕಾಲಿಗೆ ಬಡಿದು, ಯಾರೂ ನೋಡುತ್ತಿಲ್ಲವೇನೋ ಎಂಬಂತೆ ಮೆಲ್ಲಗೆ ಉರುಳಿ ಗೆರೆ ದಾಟಿತು.

ಎಲ್ಲರಿಗಿಂತ ಮೊದಲು ಕೂಗಿದವಳು ಸಬೆಲ. ಬೇಸಿಗೆಯಿಂದ ಒಳಗೇ ಇಟ್ಟುಕೊಂಡದ್ದೆಲ್ಲ ಆ ಕೂಗಿನಲ್ಲಿ ಹೊರಗೆ ಬಂತು. ಯಾಗೊನ ಕುತ್ತಿಗೆಗೆ ಜೋತುಬಿದ್ದಳು. "ನಿನ್ನ ಮೊಣಕಾಲಿಗೆ ಮುತ್ತು ಕೊಡ್ಬೇಕು ಕಣೋ!" ಎಂದಳು. "ಥೂ, ಕೆಸರಿದೆ!" ಎಂದು ಯಾಗೊ ನಗುತ್ತ ಕೆಳಗೆ ಬಿದ್ದ. ಅವರ ಮೇಲೆ ಕೆಂಪು ಜೆರ್ಸಿಗಳು ಒಂದೊಂದಾಗಿ ಬಿದ್ದವು. ಯಾರದೋ ಮೊಣಕೈ ಕಿವಿಗೆ ತಗಲಿತು.

ರಾಶಿಯ ಸಂದಿಯಿಂದ ಸಬೆಲಳಿಗೆ ಬ್ರೈಸ್ ಕಾಣಿಸಿದ. ಮೊಣಕಾಲೂರಿ ನೆಲಕ್ಕೆ ಗುದ್ದುತ್ತಿದ್ದ. ಯಾಗೊನ ಮೊಣಕಾಲನ್ನೂ ಅವನ ವಂಶವನ್ನೂ ಬೈಯುತ್ತಿದ್ದ. ಮುಖ ಕೆಂಪಾಗಿತ್ತು. ನಿಜವಾದ ಸಿಟ್ಟು. ಆದರೆ ಅದು ಆಟದಲ್ಲಿ ಗೋಲು ಬಿಟ್ಟವನ ಸಿಟ್ಟು. ಸ್ಕೂಲಿನಲ್ಲಿ ಬೆಂಚಿನ ಆ ತುದಿಯಲ್ಲಿ ಇಷ್ಟು ದಿನ ಮುಖ ತಿರುಗಿಸಿಕೊಂಡು ಕೂತಿದ್ದ ಸಿಟ್ಟು ಅದಲ್ಲ.

ಮ್ಯಾಚ್ ಮುಗಿದು ಎಲ್ಲರೂ ಸಾಲಾಗಿ ಕೈ ಕುಲುಕುವಾಗ ಅವನು ಅವಳ ಮುಂದೆ ಬಂದ. ಗ್ಲೌಸ್ ತೆಗೆಯದೆ, ಕೆಸರಿನ ಸಮೇತ ಕೈ ಹಿಂಡಿದ.

"ಅದು ಗೋಲಲ್ಲ, ಅದೃಷ್ಟ," ಎಂದ. "ಸೋಮವಾರ ಬೆಳಿಗ್ಗೆ ಸಿಗು ನೀನು. ದಾರಿಯುದ್ದಕ್ಕೂ ಬೈತೀನಿ."

"ಎಷ್ಟೊತ್ತಿಗೆ?"

"ಯಾವಾಗ್ಲೂ ಬರೋ ಹೊತ್ತಿಗೆ."

ಅವನು ನೀಲಿ ಬಾಗಿಲಿನ ಕಡೆಗೆ ಹೋದ. ಅವಳು ಬಣ್ಣ ಹೋದ ಬಾಗಿಲಿನ ಕಡೆಗೆ ಹೋದಳು. ಒಳಗೆ ಎಲ್ಲರೂ ಹಾಡುತ್ತಿದ್ದರು. ಸಬೆಲ ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತಳು. ಇವತ್ತು ಇನ್ನೂ ಶನಿವಾರ. ಸೋಮವಾರ ಅವಳಿಗೆ ಬಹಳ ದೂರವಿದೆ ಅನ್ನಿಸಿತು.