ಮೂರು ಹಾಳೆಯ ಜಾದೂಗಾರ

ಮಧ್ಯಾಹ್ನ ಮೂರಕ್ಕೆ ಮಗಳು ಟೀ ಹಿಡಿದು ಕೋಣೆಯ ಬಾಗಿಲು ತಳ್ಳಿದಳು. ಎದುರು ಗೋಡೆಯಲ್ಲಿ ಎಂಟಡಿ ಎತ್ತರದ ಜಾದೂಗಾರ ಕೈ ಚಾಚಿ ನಿಂತಿದ್ದ. ನೆಲದ ಮೇಲೆ ಅಪ್ಪ ಬಿದ್ದಿದ್ದರು. ಉಸಿರಿರಲಿಲ್ಲ.

ಮೂರೂವರೆಗೆ ಇನ್ಸ್‌ಪೆಕ್ಟರ್ ಬಂದರು. ನಲವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಆ ಕೊರತೆಯನ್ನು ಜೊತೆಗಿದ್ದ ದಫೇದಾರ ತುಂಬುತ್ತಿದ್ದ.

ಸತ್ತವರಿಗೆ ಎಪ್ಪತ್ತನಾಲ್ಕು. ಬೀದಿಗೆಲ್ಲ ಅವರು ಅಂಟಜ್ಜ. ನಲವತ್ತು ವರ್ಷ ಗೋಡೆಗಳಿಗೆ ಪೋಸ್ಟರ್ ಅಂಟಿಸಿದವರು. ಊರೂರು ತಿರುಗುತ್ತಿದ್ದ ಜಾದೂ ಕಂಪನಿಗಳು ಬಿಟ್ಟುಹೋದ ಪೋಸ್ಟರ್‌ಗಳನ್ನು ಜೋಪಾನವಾಗಿ ಕೂಡಿಟ್ಟಿದ್ದರು. ಮೂರು ಗೋಡೆಗಳಲ್ಲಿ ಹನ್ನೊಂದು ಜಾದೂಗಾರರು. ನಾಲ್ಕನೆಯದರಲ್ಲಿ, ಬಿಗಿದ ಬಟ್ಟೆಯ ಮೇಲೆ, ಈ ಹನ್ನೆರಡನೆಯವನು. ಮೂರು ಹಾಳೆಗಳಲ್ಲಿ ಒಬ್ಬ ಮನುಷ್ಯ: ಮೇಲೆ ಮುಖ, ನಡುವೆ ಕೈಗಳು ಮತ್ತು ಗಾಳಿಯಲ್ಲಿ ತೇಲುವ ಹೆಂಗಸು, ಕೆಳಗೆ ದಪ್ಪ ಅಕ್ಷರಗಳು.

"ಏಣಿ ಜಾರಿದೆ ಮೇಡಂ. ವಯಸ್ಸಾಗಿತ್ತು," ಎಂದ ದಫೇದಾರ.

"ರಕ್ತ ಎಲ್ಲಿದೆ?"

ಕಬ್ಬಿಣದ ಮೇಜಿನ ಮೂಲೆಯಲ್ಲಿತ್ತು. ಬಿದ್ದ ಏಣಿಯಿಂದ ಆರಡಿ ದೂರ. ಪೆಟ್ಟು ತಲೆಯ ಹಿಂಭಾಗಕ್ಕೆ.

"ಅಷ್ಟು ದೂರ ಹಾರಿ ಬೀಳೋಕೆ ಅಜ್ಜನೂ ಜಾದೂ ಕಲಿತಿದ್ರಾ?"

ಯಾರೋ ತಳ್ಳಿದ್ದರು.

*

ಕೆಳಮಹಡಿಯ ಟೈಲರಮ್ಮನ ಮಷಿನ್ ಮೆಟ್ಟಿಲಿನ ಎದುರಿಗೇ ಇತ್ತು.

"ಹನ್ನೊಂದಕ್ಕೆ ಅಪ್ಪ ಮಗಳಿಗೆ ಜೋರು ಜಗಳ. 'ಏಣಿ ಹತ್ತು, ಬಿದ್ದು ಸಾಯಿ' ಅಂತ ಕೂಗಿ ಹೋದ್ಲು. ಕಾಲು ಗಂಟೆ ಬಿಟ್ಟು ಫ್ರೇಮ್ ಅಂಗಡಿಯವರು ಬಂದ್ರು, ಹನ್ನೆರಡಕ್ಕೆ ಹೋದ್ರು. ಒಂದೂವರೆಗೆ ಇವಳು ವಾಪಸ್. ಬೇರೆ ನರಪಿಳ್ಳೆ ಹತ್ತಿಲ್ಲ."

ಮಗಳು ಅಡುಗೆಮನೆಯಲ್ಲಿ ಕೂತಿದ್ದಳು. ಶಾಲೆಯಲ್ಲಿ ಟೀಚರ್. ಯಾವುದನ್ನೂ ಮುಚ್ಚಿಡಲಿಲ್ಲ.

"ಅಂದಿದ್ದು ನಿಜ. ಈ ವಯಸ್ಸಲ್ಲಿ ಏಣಿ ಹತ್ಬೇಡ ಅಂದೆ. ಕೇಳ್ಲಿಲ್ಲ. ಬಾಯಿಗೆ ಬಂದಿದ್ದು ಅಂದ್ಬಿಟ್ಟೆ."

"ಒಂದೂವರೆಯಿಂದ ಮೂರರವರೆಗೆ?"

"ಇಲ್ಲೇ ಇದ್ದೆ. ಆ ಕೋಣೆ ಬಾಗಿಲು ಹಾಕಿತ್ತು. ಕೋಪ ಇಳಿದಿರ್ಲಿಲ್ಲ, ಮಾತಾಡಿಸ್ಲಿಲ್ಲ."

"ನೀವು ಹೋಗುವಾಗ ಪೋಸ್ಟರ್ ಅಂಟಿಸಿ ಆಗಿತ್ತಾ?"

"ಇಲ್ಲ. ನಡುವಿನ ಹಾಳೆ ಫ್ರೇಮ್ ಅಂಗಡಿಯಿಂದ ಬರ್ಬೇಕಿತ್ತು. ಹರಿದಿದ್ದನ್ನ ಸರಿ ಮಾಡೋಕೆ ಕೊಟ್ಟಿದ್ರು."

"ಒಂದು ಹಾಳೆಗೆ ಎಷ್ಟು ಹೊತ್ತು?"

"ಮುಕ್ಕಾಲು ಗಂಟೆ. ಅಪ್ಪ ಅವಸರ ಮಾಡೋವ್ರಲ್ಲ."

ದಫೇದಾರ ಬೆರಳು ಮಡಿಚಿ ಲೆಕ್ಕ ಹಾಕಿದ. ಫ್ರೇಮ್ ಅಂಗಡಿಯವರು ಹೋದ ಮೇಲೆ, ಹನ್ನೆರಡಕ್ಕೆ ಶುರುವಾದರೆ ಎರಡೂಕಾಲಿಗೆ ಮುಗಿಯುತ್ತದೆ. ಆಗ ಮನೆಯಲ್ಲಿದ್ದವಳು ಮಗಳೊಬ್ಬಳೇ. ಸಾವು ಹನ್ನೊಂದರಿಂದ ಮೂರರ ನಡುವೆ, ಅದಕ್ಕಿಂತ ಖಚಿತವಾಗಿ ಹೇಳಲಾರೆ ಎಂದು ಡಾಕ್ಟರ್ ಫೋನಿನಲ್ಲಿ ತಿಳಿಸಿದರು.

"ನಾನೇ ಸಾಯಿಸಿದ ಹಾಗೆ," ಎಂದಳು ಮಗಳು. "ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ಬರೆದುಕೊಳ್ಳಲಿಲ್ಲ.

*

ಇನ್ಸ್‌ಪೆಕ್ಟರ್ ಕೋಣೆಗೆ ಮರಳಿ ಪೋಸ್ಟರ್‌ಗಳ ಮೇಲೆ ಬೆರಳಾಡಿಸಿದರು, ಮೇಲಿನಿಂದ ಕೆಳಕ್ಕೆ. ಹನ್ನೊಂದರಲ್ಲೂ ಬೆರಳು ಸರಾಗವಾಗಿ ಜಾರಿತು. ಹನ್ನೆರಡನೆಯದರಲ್ಲಿ ಉಗುರು ಅಂಚಿಗೆ ಸಿಕ್ಕಿತು. ಸುಮಾರು ಎರಡು ಮೊಳ ಕೆಳಗೆ ಮತ್ತೆ ಸಿಕ್ಕಿತು.

ಮಗಳನ್ನು ಕರೆದರು.

"ನಿಮ್ಮಪ್ಪ ಯಾವ ಹಾಳೆ ಮೊದಲು ಅಂಟಿಸ್ತಿದ್ರು?"

"ಕೆಳಗಿಂದು. ಅದರ ಅಂಚಿನ ಮೇಲೆ ಮೇಲಿಂದು. ಹೆಂಚು ಹೊದಿಸಿದ ಹಾಗೆ. ಇಲ್ಲದಿದ್ರೆ ಸಂದಿಗೆ ಮಳೆ ನೀರು ಇಳಿಯುತ್ತೆ. ಮನೆ ಒಳಗೆ ಮಳೆ ಎಲ್ಲಿಂದ ಬರುತ್ತಪ್ಪಾ ಅಂತ ನಗ್ತಿದ್ದೆ. ಕೈ ಬೇರೆ ಥರ ಓಡಲ್ಲ ಅಂತಿದ್ರು."

ಇಲ್ಲಿ ಮೊದಲು ಕೂತದ್ದು ಮುಖ. ಅದರ ಮೇಲೆ ನಡುವಿನದು, ಕೊನೆಗೆ ಕೆಳಗಿನದು. ಅಂಟಿಸಿದ ಕೈ ಅಂಟಜ್ಜನದಲ್ಲ.

ಮೇಜಿನ ಮೇಲೆ ಅವರ ಭೂತಗನ್ನಡಿ ಇತ್ತು. ಇನ್ಸ್‌ಪೆಕ್ಟರ್ ಅದನ್ನು ಹಾಳೆಗಳಿಗೆ ಹಿಡಿದರು. ಮೇಲೆ, ಕೆಳಗೆ ಹಳೆಯ ಕಾಲದ ಕಲ್ಲಚ್ಚಿನ ಬಣ್ಣ, ಮರಳು ಚೆಲ್ಲಿದಂತೆ ಒರಟು. ನಡುವಿನ ಹಾಳೆಯಲ್ಲಿ ಸಾಲಾಗಿ ನಿಂತ ಸಣ್ಣ ಚುಕ್ಕಿಗಳು, ಇಂದಿನ ಯಂತ್ರದ ಕೆಲಸ.

*

ಫ್ರೇಮ್ ಅಂಗಡಿಯವರು ಐವತ್ತರ ಸೌಮ್ಯ ಮನುಷ್ಯ.

"ನಾನು ಹೊರಟಾಗ ಅಜ್ಜ ಮೊದಲನೇ ಹಾಳೆಗೆ ಅಂಟು ಸವರ್ತಿದ್ರು. ಹನ್ನೆರಡರಿಂದ ನಾನಿಲ್ಲೇ ಇದ್ದೆ. ಗಿರಾಕಿಗಳನ್ನ ಕೇಳಿ."

"ಕೇಳಿದ್ವಿ, ನಿಜ. ಮೂರು ಹಾಳೆ ಪೋಸ್ಟರ್ ನೀವಾದ್ರೆ ಹೇಗೆ ಕೂರಿಸ್ತೀರಿ?"

"ಮುಖದಿಂದ. ಮುಖ ನೆಟ್ಟಗೆ ಕೂತ್ರೆ ಉಳಿದಿದ್ದೆಲ್ಲ ತಾನಾಗಿ ಕೂರುತ್ತೆ."

"ಹಾಗೇ ಕೂರಿಸಿದೀರಿ. ಅಂಟಜ್ಜ ಯಾವತ್ತೂ ಹಾಗೆ ಮಾಡಿದವರಲ್ಲ."

ದಫೇದಾರ ಒಳಕೋಣೆಯ ಪರದೆ ಸರಿಸಿದ. ಗೋಡೆಯಲ್ಲಿ ಅದೇ ಜಾದೂಗಾರ, ಗಾಜಿನ ಹಿಂದೆ, ಪೂರ್ತಿಯಾಗಿ. ಮೇಲಿನ ಮತ್ತು ಕೆಳಗಿನ ಹಾಳೆಗಳ ಬಣ್ಣ ಮಾಸಿತ್ತು. ನಡುವಿನದರಲ್ಲಿ ಹರಿದ ಜಾಗವನ್ನು ನಾಜೂಕಾಗಿ ಸರಿಮಾಡಲಾಗಿತ್ತು.

"ಹದಿನೆಂಟು ವರ್ಷದಿಂದ ಎರಡೇ ಹಾಳೆ ಇತ್ತು ನನ್ಹತ್ರ," ಎಂದರು, ಕಣ್ಣು ಗೋಡೆಯಿಂದ ಕೀಳದೆ. "ಅವರು ಮಾರಲ್ಲ ಅಂದ್ರು. ಎರವಲೂ ಇಲ್ಲ. ಅಸಲಿ ಇಟ್ಕೊಂಡು, ಪ್ರತಿ ಮಾಡಿಸಿ ಕೊಟ್ಟೆ. ಕಂಡುಹಿಡಿದುಬಿಟ್ರು. ಎಲ್ಲರಿಗೂ ಹೇಳ್ತೀನಿ ಅಂತ ಎದ್ರು, ತಳ್ಳಿದೆ. ಆ ಪ್ರತೀನ ನಾನು ವಾಪಸ್ ತಂದಿದ್ರೆ, ಹಾಳೆ ಎಲ್ಲಿ ಅಂತ ಮಗಳು ಕೇಳ್ತಿದ್ಲು. ಅಂಟಿಸಿಬಿಟ್ರೆ ಯಾರೂ ಹಿಂದೆ ತಿರುಗಿಸಿ ನೋಡಲ್ಲ ಅನ್ಕೊಂಡೆ. ಏಣಿ ಆಮೇಲೆ ಕೆಡವಿದೆ."

ಹಾಳೆಗೆ ಮುಕ್ಕಾಲು ಗಂಟೆಯ ಕೆಲಸವನ್ನು ಅವರು ಹತ್ತು ನಿಮಿಷಕ್ಕೊಂದರಂತೆ ಮುಗಿಸಿದ್ದರು. ಮಗಳ ಮೇಲೆ ಅನುಮಾನ ಬಿದ್ದದ್ದು ಅಜ್ಜನ ನಿಧಾನದ ಲೆಕ್ಕದಿಂದ.

"ಅಜ್ಜ ಏಣಿ ಹತ್ತಿದ್ರಾ?" ಇನ್ಸ್‌ಪೆಕ್ಟರ್ ಕೇಳಿದರು.

"ಇಲ್ಲ. ಮಗಳು ಬಂದು ಹಿಡ್ಕೊಳ್ಳೋವರೆಗೂ ಹತ್ತಲ್ಲ ಅಂದ್ರು. ಸುಮ್ನೆ ಕೂರೋದೇಕೆ ಅಂತ ಭೂತಗನ್ನಡಿ ತಗೊಂಡ್ರು. ಆಗಲೇ ಚುಕ್ಕಿ ಕಂಡಿದ್ದು. ನೇರವಾಗಿ ಅಂಟಿಸೋಕೆ ಹತ್ತಿದ್ರೆ ಕಾಣ್ತಾನೇ ಇರ್ಲಿಲ್ಲ."

*

ಮಗಳು ಇನ್ನೂ ಅಡುಗೆಮನೆಯಲ್ಲೇ ಇದ್ದಳು. ಇನ್ಸ್‌ಪೆಕ್ಟರ್ ಎದುರಿನ ಸ್ಟೂಲಿನಲ್ಲಿ ಕೂತು ನಡೆದದ್ದನ್ನು ಕ್ರಮವಾಗಿ ಹೇಳಿದರು. ಹಾಳೆಗಳ ಅಂಚು, ಚುಕ್ಕಿಗಳು, ಒಳಕೋಣೆ. ಅವಳು ತಲೆ ಎತ್ತದೆ ಕೇಳಿದಳು.

"ನಿಮ್ಮಪ್ಪ ಏಣಿ ಹತ್ತಲಿಲ್ಲಮ್ಮ. ನಿಮ್ಮ ಮಾತು ಕೇಳಿದ್ರು. ನೀವು ಬರೋದನ್ನ ಕಾಯ್ತಿದ್ರು."

ಅವಳು ಮೊದಲ ಸಲ ಅತ್ತಳು.

ಕಾಯುತ್ತ ಕೂತದ್ದರಿಂದ ಏನಾಯಿತೆಂಬುದು ಫ್ರೇಮ್ ಅಂಗಡಿಯವರ ಹೇಳಿಕೆಯ ಎರಡನೆಯ ಪುಟದಲ್ಲಿತ್ತು. ಕೋರ್ಟಿನಲ್ಲಿ ಅದನ್ನು ಒಂದು ದಿನ ಗಟ್ಟಿಯಾಗಿ ಓದಲೇಬೇಕು. ಇನ್ಸ್‌ಪೆಕ್ಟರ್ ಕಾಗದಗಳನ್ನು ಮಡಿಚಿ ಜೇಬಿಗಿಟ್ಟು, ಅವಳಿಗೆ ಒಂದು ಲೋಟ ನೀರು ತಂದುಕೊಟ್ಟರು.