ಕುಂಕುಮದ ಮೇಲಿನ ಮರದ ಪುಡಿ

2013ರಲ್ಲಿ ಆಯುಧ ಪೂಜೆ ಭಾನುವಾರ ಬಂದಿತ್ತು. ನೆದರ್ಲೆಂಡ್ಸಿನ ಆಲ್ಮೆರೆ ಊರಿನ ನಮ್ಮ ಹಿತ್ತಲ ಶೆಡ್ಡಿನಲ್ಲಿ ನಾನು ಏರ್ ರೈಫಲ್ಲಿಗೆ ಅಕ್ರೋಟ್ ಮರದ ಹಿಡಿ ಕೆತ್ತುತ್ತಿದ್ದೆ. ನಾನು ಎಡಚಿ, ಕೊಂಡ ನಕ್ಷೆ ಬಲಗೈಯವರದು. ಕೆನ್ನೆ ಒರಗುವ ಜಾಗವನ್ನೂ ಅದರಂತೆಯೇ ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟಿದ್ದೆ, ಇನ್ನೂ ಕೆತ್ತಿರಲಿಲ್ಲ.

ಬೆಳಿಗ್ಗೆ ಉಳಿ, ಅರಗಳಿಗೆಲ್ಲ ಕುಂಕುಮ ಹಚ್ಚಿ ಶೆಡ್ಡಿಗೆ ಬೀಗ ಹಾಕಿದೆ.

"ಕ್ಷಮಾ, ಇವತ್ತು ಒಂದನ್ನೂ ಮುಟ್ಬೇಡಮ್ಮ. ನಾಳೆವರೆಗೂ ಅವಕ್ಕೆ ರಜ," ಎಂದರು ಅತ್ತೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಶೆಡ್ಡಿನಿಂದ ಅರ ಉಜ್ಜುವ ಸದ್ದು ಬಂತು. ಗಂಡ ಸಂದೀಪ್ ನನ್ನೆದುರೇ ಕೂತಿದ್ದ. ಬಡಿಸುತ್ತಿದ್ದ ಅತ್ತೆಯ ಸೌಟು ನಿಂತಿತು.

"ಬೀಗದ ಕೈ ಯಾರತ್ರ ಇದೆ?" ಎಂದು ಕೇಳಿದರು.

ಅದು ನನ್ನ ಜೇಬಿನಲ್ಲಿತ್ತು.

ಮರುದಿನ ಬೀಗ ತೆಗೆದರೆ ಹಿಡಿ ಪೂರ್ತಿಯಾಗಿತ್ತು. ಕೆನ್ನೆಯ ಜಾಗ ಮಾತ್ರ ನನ್ನ ಪೆನ್ಸಿಲ್ ಗುರುತು ಬಿಟ್ಟು ಇನ್ನೊಂದು ಬದಿಗಿತ್ತು. ಆ ಚಳಿಯಲ್ಲೂ ಮರ, ಯಾರೋ ಈಗಷ್ಟೇ ತಲೆ ಎತ್ತಿದ ದಿಂಬಿನಂತೆ ಬೆಚ್ಚಗಿತ್ತು. ಎಡಭುಜಕ್ಕೆ ಏರಿಸಿದೆ. ನನ್ನ ಕೆನ್ನೆಯ ಅಳತೆ ತೆಗೆದು ಮಾಡಿದ ಹಾಗೆ ಕೂತಿತು.

ಮುಂದಿನ ಭಾನುವಾರ ನಮ್ಮ ಶೂಟಿಂಗ್ ಕ್ಲಬ್ಬಿನ ಸ್ಪರ್ಧೆಯಲ್ಲಿ, ಅಲ್ಲಿಯವರೆಗೂ ಕೊನೆಯ ಸ್ಥಾನ ಬಿಟ್ಟುಕೊಡದಿದ್ದ ನಾನು ಮೊದಲು ಬಂದೆ. ಹತ್ತಕ್ಕೆ ಹತ್ತೂ ನಟ್ಟನಡುವಿಗೆ! ಮನೆಗೆ ಬಂದು ಟ್ರೋಫಿಯನ್ನು ಎಡಗೈಯಲ್ಲೇ ಅತ್ತೆಗೆ ಚಾಚಿದೆ. ಎಡಗೈಯಲ್ಲಿ ಕೊಟ್ಟರೆ ಒಂದು ಲೋಟ ನೀರನ್ನೂ ಮುಟ್ಟದಿದ್ದವರು ಎರಡೂ ಕೈಯೊಡ್ಡಿ ತೆಗೆದುಕೊಂಡರು.

ಇದನ್ನು ಹೇಳಿದಾಗಲೆಲ್ಲ ಜನ ಭಯ ಆಗಲಿಲ್ಲವಾ ಎಂದು ಕೇಳುತ್ತಾರೆ. ಗೆದ್ದ ಖುಷಿಯಲ್ಲಿ ಭಯಕ್ಕೆ ಪುರುಸೊತ್ತೇ ಸಿಗಲಿಲ್ಲ. ಆದರೆ ಆ ಅರವನ್ನು ಇವತ್ತಿಗೂ ಬಳಸಿಲ್ಲ, ಒರೆಸಿಯೂ ಇಲ್ಲ. ಅದಕ್ಕೆ ನಾನಿಟ್ಟ ಕುಂಕುಮ ಒಂದಿಷ್ಟೂ ಕದಡಿಲ್ಲ. ಅಕ್ರೋಟಿನ ಪುಡಿ ಕೂತಿರುವುದು ಕುಂಕುಮದ ಮೇಲೆ.