ಉಸಿರು ಕಟ್ಟಿದ ಟ್ಯಾಂಕು

ಶನಿವಾರ ಬೆಳಗ್ಗೆ ಎಂಟೂವರೆಗೆ ಠಾಣೆಗೆ ಬಂದ ಯುವಕನ ಅಂಗಿಯ ಮೇಲೆ ರಕ್ತದ ಕಲೆ ಇನ್ನೂ ಹಾಗೇ ಇತ್ತು. ಹಿಂದಿನ ಸಂಜೆ ಅವನು ತಾಯಿಯನ್ನು ಜಲಾಶಯಕ್ಕೆ ದೋಣಿ ವಿಹಾರಕ್ಕೆಂದು ಕರೆದೊಯ್ದಿದ್ದ. ನಡುನೀರಿನಲ್ಲಿ ಮೋಟಾರು ದೋಣಿಯ ಎಂಜಿನ್ ನಿಂತಿತು. ಗಾಳಿಗೆ ಸಿಕ್ಕ ದೋಣಿ ಬಂಡೆಗಳಿಗೆ ಬಡಿಯಿತು. ತಲೆಗೆ ಪೆಟ್ಟು ಬಿದ್ದ ತಾಯಿಗೆ ಆಸ್ಪತ್ರೆಯಲ್ಲಿ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಚಾಲಕಿಯ ನಿರ್ಲಕ್ಷ್ಯವೇ ಕಾರಣ ಎಂದು ಅವನು ದೂರು ಕೊಟ್ಟ. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು.

ಚಾಲಕಿಯನ್ನು ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಎಲ್ಲರೂ ದೋಣಿಯಕ್ಕ ಎನ್ನುತ್ತಿದ್ದರು. ಆಕೆಯೂ ಗಂಡನೂ ಒಂದೊಂದು ದೋಣಿ ನಡೆಸುತ್ತಿದ್ದರು. ಎಡಗೈಗೆ ಕಟ್ಟು ಹಾಕಿಸಿಕೊಂಡೇ ಆಕೆ ಠಾಣೆಗೆ ಬಂದಳು. ಪ್ರಶ್ನೆ ಆಕೆಗೆ ಕೇಳಿದರೆ ಉತ್ತರ ಪಕ್ಕದಲ್ಲಿದ್ದ ಗಂಡನಿಂದ ಬರುತ್ತಿತ್ತು. ಕಲಿಸಿದ್ದು ತಾನೇ, ಆದರೂ ಎಂಜಿನ್ನಿನ ಗಂಧಗಾಳಿ ಇಲ್ಲ, ಹೇಳಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದೆಲ್ಲ ಹೇಳಿದ. ಇನ್‌ಸ್ಪೆಕ್ಟರ್ ಅವನನ್ನು ಟೀ ಕುಡಿದು ಬರಲು ಕಳಿಸಿದರು.

“ಪೆಟ್ರೋಲ್ ಖಾಲಿ ಆಗಿತ್ತಾ?”

“ಇಲ್ಲ ಸಾರ್. ಮುಕ್ಕಾಲು ಟ್ಯಾಂಕ್ ಇತ್ತು.”

ಹೊರಟಾಗ ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತಂತೆ. ಸ್ವಲ್ಪ ಹೊತ್ತಾದ ಮೇಲೆ ಸದ್ದು ಸೊರಗಿ, ನಿಂತೇ ಹೋಯಿತು. ಪೆಟ್ರೋಲ್ ಪೈಪಿನ ನಡುವೆ ಕೈಯಿಂದ ಒತ್ತುವ ರಬ್ಬರ್ ಉಂಡೆ ಹಿಂಡಿದ ನಿಂಬೆಹಣ್ಣಿನಂತೆ ಚಪ್ಪಟೆಯಾಗಿತ್ತು. ಒಂದಿಷ್ಟು ಕಾದು ಸ್ಟಾರ್ಟರ್ ದಾರ ಎಳೆದಾಗ ಎಂಜಿನ್ ಹತ್ತಿಕೊಂಡು, ಮತ್ತೆ ಕೈಕೊಟ್ಟಿತು. ಆಮೇಲೆ ಒಂದೇ ಹುಟ್ಟು ಹಿಡಿದು ಗಾಳಿಯ ಜೊತೆ ಗುದ್ದಾಡಿದ್ದೇ ಬಂತು.

ಇಬ್ಬರು ಪಂಚರನ್ನು ಕರೆದುಕೊಂಡು ಇನ್‌ಸ್ಪೆಕ್ಟರ್ ದಕ್ಕೆಗೆ ಹೋದರು. ಈ ಗಂಡ ಹೆಂಡತಿಯ ಪರಿಚಯವೇ ಇಲ್ಲದ ಮೆಕ್ಯಾನಿಕ್ ಒಬ್ಬನನ್ನು ಆಚೆ ದಡದಿಂದ ಕರೆಸಿದರು. ಪಂಚನಾಮೆ ಶುರುವಾಯಿತು. ಫಿಲ್ಟರ್‌ನಲ್ಲಿ ನೀರಿಲ್ಲ, ಕಸವಿಲ್ಲ. ಪೈಪಿನಲ್ಲಿ ಬಿರುಕಿಲ್ಲ. ಎಂಜಿನ್ನನ್ನು ನೀರಿನ ಪೀಪಾಯಿಯೊಳಗೆ ಇಳಿಸಿ, ದೋಣಿಯ ಟ್ಯಾಂಕಿನ ಬದಲು ಬೇರೊಂದು ಕ್ಯಾನಿನಿಂದ ಪೆಟ್ರೋಲ್ ಕೊಟ್ಟಾಗ ಅದು ಒಂದು ಸಲವೂ ಕೆಮ್ಮದೆ ಓಡಿತು. ದೋಣಿಯ ಟ್ಯಾಂಕಿಗೇ ಜೋಡಿಸಿದಾಗ ಮೊದಲಿನಂತೆ ಸೊರಗಿ ನಿಂತಿತು. ಟ್ಯಾಂಕಿನ ಮುಚ್ಚಳ ತಿರುಗಿಸಿದ್ದೇ ತಡ, ಬುಸ್ಸೆಂದು ಗಾಳಿ ಒಳಕ್ಕೆ ನುಗ್ಗಿತು.

ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಅದಕ್ಕೆಂದೇ ಟ್ಯಾಂಕಿಗೊಂದು ಸಣ್ಣ ಗಾಳಿಕೊಳವೆ ಇರುತ್ತದೆ. ಅದರ ಹೊರಬಾಯಿ ಸ್ವಚ್ಛವಾಗಿತ್ತು. ಇನ್‌ಸ್ಪೆಕ್ಟರ್ ಸೀಟಿನ ಕೆಳಗಿನ ಹಲಗೆ ಬಿಚ್ಚಿಸಿದರು. ಕೊಳವೆಯ ಒಳತುದಿಯಲ್ಲಿ, ಟೇಪು ಸುತ್ತಿದ ಸ್ಪಂಜಿನ ತುಂಡೊಂದು ಬಿರಡೆಯಂತೆ ಕೂತಿತ್ತು. ಹಲಗೆಯ ಸ್ಕ್ರೂಗಳನ್ನು ಕಳಚದೆ ಅದನ್ನು ಅಲ್ಲಿಡಲು ಸಾಧ್ಯವಿರಲಿಲ್ಲ.

ಬೆಳಗ್ಗೆ ಆರೋಪಿಯಾಗಿದ್ದವಳು ಮಧ್ಯಾಹ್ನದ ಹೊತ್ತಿಗೆ ಕೇಡಿಗೆ ಗುರಿಯಾದವಳಾದಳು. ಅಕ್ಕಪಕ್ಕದ ದೋಣಿಯವರ ಹೊಟ್ಟೆಕಿಚ್ಚೇ ಇದಕ್ಕೆ ಕಾರಣ ಎಂದು ಗಂಡ ಅಡ್ಡಾಡಿ ಹೇಳುತ್ತಿದ್ದ. ಮಹಿಳಾ ಕಾನ್‌ಸ್ಟೆಬಲ್ ಟಿಕೆಟ್ ಕೊಡುವವಳನ್ನು ಮಾತಿಗೆಳೆದಳು. ಶುಕ್ರವಾರ ಸಂಜೆ ದೋಣಿಯಕ್ಕನ ಗಂಡ ಲೈಫ್ ಜಾಕೆಟ್ ತೊಟ್ಟು, ತನ್ನ ದೋಣಿಯ ಎಂಜಿನ್ ಚಾಲೂ ಮಾಡಿಕೊಂಡು ಸುಮ್ಮನೆ ಕೂತಿದ್ದನಂತೆ. ಪ್ರಯಾಣಿಕರಿರಲಿಲ್ಲ. ತೊಡೆಯ ಮೇಲೆ ಹಗ್ಗದ ಸುರುಳಿ, ಕೈಯಲ್ಲಿ ಫೋನು. ಸಿಸಿಟಿವಿ ನೋಡಿದರೆ, ದೋಣಿಯಕ್ಕನ ಎಂಜಿನ್ ನಿಲ್ಲುವುದಕ್ಕೂ ಬಹಳ ಮೊದಲೇ ಅವನು ಹಾಗೆ ಕೂತಿದ್ದ. ಅವನ ಶೆಡ್ಡಿನಲ್ಲಿ ಮೂಲೆ ಕತ್ತರಿಸಿದ ಹಳೆಯ ಸೀಟಿನ ಸ್ಪಂಜು ಸಿಕ್ಕಿತು. ಕೊಳವೆಯಲ್ಲಿ ಸಿಕ್ಕ ತುಂಡಿನ ಟೇಪು ಬಿಚ್ಚಿ ಇಟ್ಟರೆ, ಅದು ಆ ಮೂಲೆಗೆ ಸರಿಯಾಗಿ ಕೂತಿತು.

“ಹಗ್ಗ ಯಾಕೆ ಇಟ್ಕೊಂಡಿದ್ರಿ?” ಇನ್‌ಸ್ಪೆಕ್ಟರ್ ಗಂಡನನ್ನು ಕೇಳಿದರು.



“ಎಳ್ಕೊಂಡು ಬರೋಕೆ.”

“ಯಾರನ್ನ?”

“ಅವಳನ್ನ.”

ಆಮೇಲೆ ಕೇಳುವ ಅಗತ್ಯವೇ ಬೀಳಲಿಲ್ಲ. ಶುರುವಿನಲ್ಲಿ ಆಕೆ ಒಂದು ಗಂಟು ಬಿಚ್ಚಲೂ ಅವನನ್ನೇ ಕರೆಯುತ್ತಿದ್ದಳಂತೆ. ಈಗ ಬಂದವರೆಲ್ಲ “ಅಕ್ಕ ಇದಾರಾ?” ಎಂದು ಕೇಳುತ್ತಾರೆ. ಇಲ್ಲವೆಂದರೆ, ಅವನ ದೋಣಿ ಖಾಲಿ ನಿಂತಿದ್ದರೂ ಬೆಂಚಿನ ಮೇಲೆ ಕೂತು ಆಕೆಗಾಗಿ ಕಾಯುತ್ತಾರೆ. ಮನೆಯಲ್ಲಿ ಅವಳು ನಕ್ಕರೂ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದೇ ಒಂದು ಸಲ ನಡುನೀರಿನಲ್ಲಿ ನಿಂತು ಅವಳು ಫೋನ್ ಮಾಡಬೇಕು, ತಾನು ಹೋಗಿ ಎಲ್ಲರೆದುರು ಎಳೆದು ತರಬೇಕು, ಇಷ್ಟೇ ಅವನ ಲೆಕ್ಕ. ಗಾಳಿ ಏಳುವುದು ಆ ಲೆಕ್ಕದಲ್ಲಿರಲಿಲ್ಲ. ಫೋನೂ ಬರಲಿಲ್ಲ. ದಡದಲ್ಲಿ ಕೂಗಾಟ ಕೇಳಿದ ಮೇಲೆಯೇ ಅವನು ಹಗ್ಗ ಬಿಟ್ಟು ಎದ್ದಿದ್ದ.

ಭಾನುವಾರ ಸಂಜೆ ದಸ್ತಗಿರಿಯಾಯಿತು. ಆಸ್ಪತ್ರೆಯಲ್ಲಿದ್ದ ತಾಯಿ ಕಣ್ಣುಬಿಟ್ಟು ಮಗನನ್ನು ಗುರುತಿಸಿದ ಸುದ್ದಿಯೂ ಅಷ್ಟರಲ್ಲೇ ಬಂತು.

ಹೇಳಿಕೆಗೆ ಸಹಿ ಹಾಕಲು ಬಂದ ದೋಣಿಯಕ್ಕ ಗಂಡನಿದ್ದ ಕೋಣೆಯ ಕಡೆ ನೋಡಲಿಲ್ಲ. ಪೆನ್ನು ಕೊಡುತ್ತಾ ಇನ್‌ಸ್ಪೆಕ್ಟರ್ ಕೇಳಿದರು, “ಫೋನ್ ನಿಮ್ಮ ಹತ್ರಾನೇ ಇತ್ತಲ್ಲ. ಅವರಿಗೆ ಯಾಕೆ ಮಾಡ್ಲಿಲ್ಲ?”

“ಆ ಗಾಳೀಲಿ ಹೇಗೆ ಕರೀಲಿ ಸಾರ್?” ಎಂದಳು ಆಕೆ. “ಅವರಿಗೇ ಏನಾದ್ರೂ ಆಗಿಬಿಟ್ಟಿದ್ರೆ?”